ಮಾರ್ಥಮ್ಮನವರ ಕ್ರಿಸ್‌ಮಸ್ ಕೊಡೆಯ ಖರೀದಿ

ಜಿಲ್ಲಾ ಮಿತವ್ಯಯ ಪ್ರೋತ್ಸಾಹಕ ಕಚೇರಿಯು ತಾತ್ಕಾಲಿಕ ಕಚೇರಿಯಾಗಿದ್ದು, ಪ್ರತಿವರ್ಷ ಡಿಸೆಂಬರ್ ಮೂವತ್ತೊಂದರ ಸಂಜೆ ಅಸ್ತಿತ್ವವನ್ನು ಕಳೆದುಕೊಳ್ಳುತ್ತದೆ ಮತ್ತು ಮರುದಿನ ಬೆಳಿಗ್ಗೆ, ಸರ್ಕಾರದ ಮಂಜೂರಾತಿ ಇದ್ದಲ್ಲಿ, ಪುನಃ ಅಸ್ತಿತ್ವಕ್ಕೆ ಬರುತ್ತದೆ. ನಡುವಿನ ಅವಧಿಯಲ್ಲಿ ನಮ್ಮಲ್ಲಿ ಯಾರೂ ಯಾರಿಗೂ ಮೇಲಧಿಕಾರಿಯಲ್ಲ. ಆ ಹೊತ್ತಿನಲ್ಲಿ ಶಿವಮೊಗ್ಗದ ದುರ್ಗಿಗುಡಿಯ ಬೀದಿಯಲ್ಲಿ ಎದುರು ಸಿಕ್ಕರೂ ಜವಾನ ವೀರಪ್ಪ ಹೆಡ್ ಗುಮಾಸ್ತ ಷಣ್ಮುಖಪ್ಪನವರಿಗೆ ನಮಸ್ಕಾರ ಮಾಡುವುದಿಲ್ಲ. ಅವರೂ ನಿರೀಕ್ಷಿಸುವುದಿಲ್ಲ. ನಿಯಮ ಎಂದರೆ ನಿಯಮ.

ಜನರು ದುಡ್ಡು ಖರ್ಚು ಮಾಡಬಾರದೆಂದು ಜನರಿಗೆ ತಿಳಿಸುವುದು ಈ ಕಚೇರಿಯ ಕರ್ತವ್ಯ. ಇದಕ್ಕಾಗಿ ಸರ್ಕಾರ ಧಾರಾಳವಾಗಿ ಖರ್ಚು ಮಾಡುತ್ತಿತ್ತು. ಒಬ್ಬ ಅಧಿಕಾರಿ, ಒಬ್ಬ ಹೆಡ್ ಗುಮಾಸ್ತರು, ಎರಡನೇ ಗುಮಾಸ್ತನಾದ ನಾನು, ಅಂದರೆ ಈಶ್ವರಪ್ಪ, ಟೈಪಿಸ್ಟ್ ಸರಸ್ವತಿ, ಜವಾನರು, ಮತ್ತು ಒಂದು ಜೀಪು. ಜೀಪಿಗೆ ಡ್ರೈವರ್ ಮಂಜೂರಾಗಿರಲಿಲ್ಲವಾದ್ದರಿಂದ ಅದೊಂದೇ ನಮ್ಮಲ್ಲಿ ನಿಜವಾದ ಮಿತವ್ಯಯ ಸಾಧಿಸಿ ಹುಣಸೆಮರದ ಕೆಳಗೆ ನಿಂತಿತ್ತು. ‘ಹಬ್ಬಕ್ಕೆ ಉಡುಗೊರೆ ಬೇಡ, ಅದೇ ಹಣ ಕೂಡಿಡಿ’ ಎಂದು ಮೂರು ಬಣ್ಣದಲ್ಲಿ, ಹೊಳೆಯುವ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದ ಭಿತ್ತಿಪತ್ರಗಳು ಕಚೇರಿಯ ಒಂದು ಕೋಣೆಯ ತುಂಬ ಇದ್ದವು. ಅಂಟಿಸಲು ಗೋಂದಿಗೆ ಹಣ ಕೇಳಿದ್ದೆವು. ಮಿತವ್ಯಯದ ದೃಷ್ಟಿಯಿಂದ ಕೊಟ್ಟಿರಲಿಲ್ಲ.

ಕಚೇರಿ ಮುಂದುವರಿಯಬೇಕೋ ಬೇಡವೋ ಎಂಬುದು ಅಧಿಕಾರಿಗಳು ವರ್ಷದ ಕೊನೆಯ ವಾರದಲ್ಲಿ ಬರೆಯುವ ಶಿಫಾರಸಿನ ಮೇಲೆ ನಿಂತಿತ್ತು. ನಮ್ಮ ಅಧಿಕಾರಿ ಸ್ಯಾಮ್ಯುಯೆಲ್ ದಯಾನಂದ ಸಾಹೇಬರು ಅದನ್ನು ಭದ್ರಾವತಿಯಲ್ಲಿ ತಾಯಿಯ ಜೊತೆ ಕ್ರಿಸ್‌ಮಸ್ ಮುಗಿಸಿ ಬಂದ ಮೇಲೆ ಬರೆಯುತ್ತಿದ್ದರು. ಅವರ ಮನಸ್ಸು ಹೇಗಿದೆಯೋ ಶಿಫಾರಸು ಹಾಗೆ. ಅವರ ಮನಸ್ಸು ಹೇಗಿರುತ್ತದೆಂಬುದು ತಾಯಿ ಮಾರ್ಥಮ್ಮನವರಿಗೆ ಕ್ರಿಸ್‌ಮಸ್ ಕಾಣಿಕೆ ಹಿಡಿಸಿತೋ ಇಲ್ಲವೋ ಎಂಬುದನ್ನು ಅವಲಂಬಿಸಿತ್ತು. ಮಾರ್ಥಮ್ಮನವರಿಗೆ ಯಾವ ಕಾಣಿಕೆಯೂ ಹಿಡಿಸುತ್ತಿರಲಿಲ್ಲ. ಹಿಂದಿನ ವರ್ಷ ಸಾಹೇಬರು ಕಾಶ್ಮೀರದ ಶಾಲು ಕೊಟ್ಟು ಬಂದು, ಮುಖ ಇಳಿಬಿಟ್ಟುಕೊಂಡು ಕುಳಿತು, ‘ಈ ಕಚೇರಿಯ ಅಗತ್ಯವಿದೆಯೆಂದು ಹೇಳಲಾಗದು, ಇಲ್ಲವೆಂದೂ ಹೇಳಲಾಗದು’ ಎಂದು ಬರೆದರು. ಆ ವಾಕ್ಯವನ್ನು ಅರ್ಥ ಮಾಡಿಕೊಳ್ಳಲು ಸರ್ಕಾರಕ್ಕೆ ಯುಗಾದಿಯವರೆಗೆ ಹಿಡಿಯಿತು. ಅಲ್ಲಿಯವರೆಗೆ ನಾವು ಇದ್ದೇವೆಯೋ ಇಲ್ಲವೋ ಎಂಬುದು ನಮಗೇ ಗೊತ್ತಿರಲಿಲ್ಲ. ಸಂಬಳವೂ ಇರಲಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸಿತ್ತು. ಷಣ್ಮುಖಪ್ಪನವರ ಹಿರಿಯ ಮಗಳಿಗೆ ಹೊಸಮನೆಯ ಮುರುಗೇಶಪ್ಪನವರ ಮಗನ ಜೊತೆ ಸಂಬಂಧ ಕುದುರಿತ್ತು. ಮುರುಗೇಶಪ್ಪನವರು ವ್ಯವಹಾರಸ್ಥರು. “ಹುಡುಗಿ ನಮಗೆ ಒಪ್ಪಿಗೆ ಸ್ವಾಮಿ. ಆದ್ರೆ ನಿಮ್ಮ ಕಚೇರಿ ಜನವರಿಗೆ ಇರುತ್ತೋ ಇಲ್ವೋ? ಮಂಜೂರಾತಿ ಬರ್ಲಿ, ಆಮೇಲೆ ಲಗ್ನಪತ್ರಿಕೆ ಅಚ್ಚಿಗೆ ಕೊಡೋಣ,” ಎಂದಿದ್ದರು. ಹುಡುಗಿ ಆಗಲೇ ಹುಡುಗನಿಗೆಂದು ಸ್ವೆಟರ್ ಹೆಣೆಯಲು ಶುರುಮಾಡಿ ಒಂದು ತೋಳು ಮುಗಿಸಿದ್ದಳು. ಷಣ್ಮುಖಪ್ಪನವರು ಆ ತೋಳನ್ನು ನೋಡಿದಾಗಲೆಲ್ಲ ಭದ್ರಾವತಿಯ ದಿಕ್ಕಿಗೆ ತಿರುಗಿ ಕೈಮುಗಿಯುತ್ತಿದ್ದರು.

ಡಿಸೆಂಬರ್ ಮೊದಲ ವಾರದಲ್ಲಿ ಸಾಹೇಬರು ಕಡತಕ್ಕೆ ರುಜು ಹಾಕುತ್ತ ಒಂದು ನಿಟ್ಟುಸಿರು ಬಿಟ್ಟರು. “ಅಮ್ಮನಿಗೆ ಈ ಸಲ ಏನ್ ತಗೊಳ್ಳೋದೋ ತಿಳೀತಿಲ್ಲ ಷಣ್ಮುಖಪ್ಪನೋರೆ. ಫ್ಲಾಸ್ಕ್ ಕೊಟ್ಟೆ, ಗೋಡೆ ಗಡಿಯಾರ ಕೊಟ್ಟೆ, ಶಾಲು ಕೊಟ್ಟೆ. ತೆಗೆದು ನೋಡ್ತಾರೆ, ‘ಚೆನ್ನಾಗಿದೆ’ ಅಂತಾರೆ, ಟ್ರಂಕಿಗೆ ಹಾಕ್ತಾರೆ. ಅಷ್ಟೇ. ಆಮೇಲೆ ಹೋಗಿ ಕಿಟಕಿ ಹತ್ರ ಕೂತ್ಕೊಳ್ತಾರೆ.”

ಅಧಿಕಾರಿಯ ನಿಟ್ಟುಸಿರನ್ನು ಮೌಖಿಕ ಆದೇಶವೆಂದು ಪರಿಗಣಿಸುವುದು ನಮ್ಮಲ್ಲಿ ರೂಢಿ. ಅಂದೇ ಮಧ್ಯಾಹ್ನ ‘ಕ್ರಿಸ್‌ಮಸ್ ಕಾಣಿಕೆ ಆಯ್ಕೆ ಉಪಸಮಿತಿ’ ರಚನೆಯಾಯಿತು. ಉಡುಗೊರೆ ಬೇಡವೆಂದು ಸಾರುವ ಕಚೇರಿಯೇ ಉಡುಗೊರೆ ಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಸರಸ್ವತಿ ಎತ್ತಿದರು. ಇದು ಉಡುಗೊರೆಯಲ್ಲ, ಮಿತವ್ಯಯದ ಪ್ರಾತ್ಯಕ್ಷಿಕೆ ಎಂದು ಷಣ್ಮುಖಪ್ಪನವರು ವಿವರಿಸಿದ ಮೇಲೆ ಎಲ್ಲರಿಗೂ ಸಮಾಧಾನವಾಯಿತು. ಹಣ ಸಾಹೇಬರ ಜೇಬಿನದು, ಅದರಲ್ಲಿ ಅವರು ಬಹಳ ಕಟ್ಟುನಿಟ್ಟು. ಆದರೆ ಖರೀದಿ ಮಾತ್ರ ಸರ್ಕಾರಿ ಪದ್ಧತಿಯಲ್ಲೇ ಆಗಬೇಕು, ಏಕೆಂದರೆ ನಮಗೆ ಯಾರಿಗೂ ಬೇರೆ ಪದ್ಧತಿ ಗೊತ್ತಿಲ್ಲ. ಷಣ್ಮುಖಪ್ಪನವರು ಮನೆಗೆ ಬದನೆಕಾಯಿ ಕೊಳ್ಳುವಾಗಲೂ ಮೂರು ಕಡೆ ದರಪಟ್ಟಿ ಕೇಳುತ್ತಾರೆ. ಅವರ ಮನೆಯವರು ಬದನೆಕಾಯಿ ಪಲ್ಯ ತಿಂದು ವರ್ಷಗಳಾಗಿವೆ.

ಮೊದಲು ಕ್ಷೇತ್ರ ಅಧ್ಯಯನ ಅಗತ್ಯವೆಂದು ಉಪಸಮಿತಿ ತೀರ್ಮಾನಿಸಿ ನನ್ನನ್ನು ಭದ್ರಾವತಿಗೆ ಕಳಿಸಿತು. ‘ವೃದ್ಧ ಮಹಿಳೆಯರಲ್ಲಿ ಮಿತವ್ಯಯ ಪ್ರವೃತ್ತಿ’ ಎಂಬುದು ಪ್ರವಾಸದ ಉದ್ದೇಶ. ನಾನು ಮೂರನೇ ದರ್ಜೆಯಲ್ಲಿ ಹೋಗಿ ಎರಡನೇ ದರ್ಜೆಯ ಭತ್ಯೆ ಬರೆದೆ. ಇದನ್ನು ಬಚ್ಚಿಡುವ ಕಾರಣವಿಲ್ಲ. ವ್ಯತ್ಯಾಸದ ಹಣ ಉಳಿಸಿದೆನಾದ್ದರಿಂದ ಕಚೇರಿಯ ಧ್ಯೇಯಕ್ಕೆ ಅನುಗುಣವಾಗಿಯೇ ನಡೆದುಕೊಂಡೆ.

ಮಾರ್ಥಮ್ಮನವರು ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮಗಳು ಅಳಿಯನ ಜೊತೆ ಇದ್ದರು. ಬಿಳಿ ಸೀರೆ, ನೆಟ್ಟಗಿನ ಬೆನ್ನು, ಎದುರಿಗಿದ್ದವರ ಹೊಟ್ಟೆಯೊಳಗಿನ ಊಟವನ್ನೂ ಪರೀಕ್ಷಿಸುವಂಥ ಕಣ್ಣು. ಮಗಳು ಮನೆಯನ್ನು ಎಷ್ಟು ಒಪ್ಪವಾಗಿಟ್ಟಿದ್ದಳೆಂದರೆ ನನಗೆ ಚಪ್ಪಲಿ ಬಿಟ್ಟ ಮೇಲೂ ಕಾಲಿಡಲು ಸಂಕೋಚವಾಯಿತು. ಅಮ್ಮ ಏಳಲು ಹೋದರೆ, “ನೀನ್ ಕೂತ್ಕೊ ಅಮ್ಮ, ನಾನ್ ಮಾಡ್ತೀನಿ,” ಎನ್ನುತ್ತಿದ್ದಳು. ಅಮ್ಮ ಕುಳಿತುಕೊಳ್ಳುತ್ತಿದ್ದರು. ಸುಮ್ಮನೆ ಕೂರುವುದು ಅವರಿಗೆ ಒಗ್ಗಿರಲಿಲ್ಲವೆಂಬುದು ನೋಡಿದರೆ ಗೊತ್ತಾಗುತ್ತಿತ್ತು.

“ಎಂಥ ಕಚೇರಿ ಅಂದಿ?” ಎಂದು ಕೇಳಿದರು.

“ಮಿತವ್ಯಯ ಪ್ರೋತ್ಸಾಹಕ ಕಚೇರಿ ಅಮ್ಮ. ದಯಾನಂದ ಸಾಹೇಬ್ರದ್ದು.”

“ಅಲ್ಲಿ ಏನ್ ಮಾಡ್ತೀರಿ?”

“ದುಡ್ಡು ಖರ್ಚು ಮಾಡ್ಬೇಡಿ ಅಂತ ಹೇಳ್ತೀವಿ.”

“ಅಷ್ಟು ಹೇಳೋಕೆ ಕಚೇರಿ ಯಾಕೆ? ನಮ್ಮಮ್ಮ ಒಬ್ಳೇ ಹೇಳ್ತಿದ್ಲು.” ನಂತರ ಅವರ ದೃಷ್ಟಿ ನನ್ನ ಅಂಗಿಯ ಮೇಲೆ ನಿಂತಿತು. “ಆ ಗುಂಡಿ ಯಾರು ಹೊಲಿದಿದ್ದು? ಬಿಳಿ ಅಂಗಿಗೆ ಕರಿ ದಾರ!” ಅಷ್ಟು ಹೇಳುವಾಗ ಅವರ ಮುಖದಲ್ಲಿ ಏನೋ ಒಂದು ಕಳೆ ಬಂದುಹೋಯಿತು. ನಾನು ಅದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಅರ್ಥ ಮಾಡಿಸಿದ್ದು ಎದುರು ಮನೆಯ ಹಾಜರಾ. ಅವರ ಗಂಡ ಇಸ್ಹಾಕ್ ಅದೇ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಬೇಲಿಯ ಬಳಿ ನಿಲ್ಲಿಸಿ, “ಅಮ್ಮಾರಿಗೆ ಏನ್ ಬೇಕು ಅಂತ ಕೇಳ್ತೀರಾ ಅಣ್ಣ? ಅವ್ರು ನಿಮ್ಮ ಶಿವಮೊಗ್ಗದಾಗೆ ಮಿಷನ್ನೋರ ಹೆಣ್ಮಕ್ಕಳ ಹಾಸ್ಟೆಲಿಗೆ ಮೇಟ್ರನ್ ಆಗಿದ್ದೋರು. ಅಕ್ಕಿ ಮೂಟೆ ಬಿಚ್ಚಿ, ಕಲ್ಲು ಹುಡುಕಿ, ವಾಪಸ್ ಹೊರಿಸಿ ಕಳಿಸ್ತಿದ್ರಂತೆ. ಈಗ ಮನೇಲಿ ಹುಡುಕೋಕೆ ಒಂದು ಕಲ್ಲೂ ಇಲ್ಲ. ಮಗಳು ಮೂರು ಸಲ ಆರಿಸ್ತಾಳೆ,” ಎಂದರು.

“ಹಾಗಾದ್ರೆ ಯಾವ್ದೂ ಹಿಡಿಸೋದೇ ಇಲ್ವೇ?”

“ಆ ಕೆಟಲ್ ಬಂದಿದ್ ವರ್ಷ ನೋಡ್ಬೇಕಿತ್ತು ನೀವು! ಯಾರೋ ನೆಂಟ್ರು ಕೊಟ್ಟಿದ್ದು. ಮೂತೀಲಿ ಸೋರ್ತಿತ್ತು. ಅಯ್ಯೋ, ಅದನ್ನ ಎತ್ಕೊಂಡು ಮನೆ ಮನೆಗೂ ಹೋಗಿ ಸುರಿದು ತೋರ್ಸಿದ್ರು. ನಮ್ಮನೆಗೆ ಎರಡು ಸಲ ಬಂದ್ರು. ಆಮೇಲೆ ತಾವೇ ಬಸ್ಸಿಗೆ ಹೋಗಿ ಅಂಗಡಿಯೋನ ಹತ್ರ ಜಗಳ ಮಾಡಿ ಬದಲಾಯ್ಸಿಕೊಂಡು ಬಂದ್ರು. ಮುಖ ಹೆಂಗಿತ್ತು ಅಂತೀರಿ, ಮದುವೆ ಹೆಣ್ಣಿನ ಥರ. ಹೊಸ ಕೆಟಲ್ ಸೋರ್ಲಿಲ್ಲ ನೋಡಿ, ಟ್ರಂಕಿಗೆ ಹಾಕಿದ್ರು.”

ನನ್ನ ವರದಿಯನ್ನು ಉಪಸಮಿತಿ ಎರಡು ಸಲ ಓದಿಸಿ ಕೇಳಿತು. ಬಳಿಕ ಸರ್ವಾನುಮತದಿಂದ ಈ ಕೆಳಗಿನಂತೆ ನಿರ್ಣಯಿಸಲಾಯಿತು: ಕಾಣಿಕೆಯು ದೋಷಯುಕ್ತವಾಗಿರತಕ್ಕದ್ದು. ದೋಷವು ಮೊದಲ ನೋಟಕ್ಕೆ ಕಾಣತಕ್ಕದ್ದಲ್ಲ, ಆದರೆ ಹಬ್ಬದ ಊಟ ಮುಗಿಯುವುದರೊಳಗೆ ಪತ್ತೆಯಾಗತಕ್ಕದ್ದು. ನೆರೆಹೊರೆಯವರಿಗೆ ತೋರಿಸಲು ಅನುಕೂಲವಾಗಿರತಕ್ಕದ್ದು. ಪ್ರಾಣಾಪಾಯ ಇರತಕ್ಕದ್ದಲ್ಲ. ಕೆಡುವ ಜಾಗಗಳು ಕೊಡೆಯಲ್ಲಿ ಹೆಚ್ಚು, ಬಟ್ಟೆ, ಕಡ್ಡಿ, ಹಿಡಿ, ಸ್ಪ್ರಿಂಗು ಎಲ್ಲವೂ ಕೈಕೊಡಬಲ್ಲವು ಎಂಬ ಕಾರಣದಿಂದ ಕೊಡೆಯನ್ನು ಆರಿಸಲಾಯಿತು. ಸಾಹೇಬರು ನಿರ್ಣಯವನ್ನು ಓದದೆ ರುಜು ಹಾಕಿದರು. ಅವರು ಓದಿದ್ದರೆ ಅದು ರೂಢಿಗೆ ವಿರುದ್ಧವಾಗುತ್ತಿತ್ತು.

ದರಪಟ್ಟಿಗಾಗಿ ನಾನೂ ಷಣ್ಮುಖಪ್ಪನವರೂ ಗಾಂಧಿ ಬಜಾರಿಗೆ ಹೋದೆವು. ಕೊಡೆ ಮತ್ತು ಟ್ರಂಕಿನ ವ್ಯಾಪಾರಿ ಸನಾವುಲ್ಲಾ ನಮ್ಮ ಚೀಟಿ ಓದಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

“ಏನ್ ಸ್ವಾಮಿ ಇದು? ಖರಾಬ್ ಛತ್ರಿ ಬೇಕು ಅಂತ ಬರ್ಕೊಂಡ್ ಬಂದಿದೀರಾ?”

“ಖರಾಬ್ ಅಂತಲ್ಲ ಸಾಹೇಬ್ರೆ, ದೋಷಯುಕ್ತ,” ಎಂದರು ಷಣ್ಮುಖಪ್ಪನವರು. “ದೋಷ ಇದೆ ಅಂತ ನೀವು ಒಂದು ಸರ್ಟಿಫಿಕೇಟ್ ಕೊಡ್ಬೇಕು.”

“ಬಾಯಲ್ಲಿ ಕೇಳಿದ್ರೆ ಒಳಗಿಂದ ನಾಲ್ಕು ತೆಗೆದುಕೊಡ್ತಿದ್ದೆ. ಕಾಗದದ ಮೇಲೆ ಕೇಳಿದ್ರೆ ನನ್ನ ದುಕಾನ್ ಇಜ್ಜತ್ ಏನಾಗ್ಬೇಕು? ಇರ್ಲಿ, ಯಾರಿಗೆ ಇದು?”

“ಮೇಟ್ರನ್ ಮಾರ್ಥಮ್ಮ ಅಂತ, ಭದ್ರಾವತೀಲಿ...”

ಸನಾವುಲ್ಲಾ ಎದ್ದು ನಿಂತರು. “ಯಾ ಅಲ್ಲಾ! ಚೀಟಿ ಹಿಡೀರಿ. ಆ ಅಮ್ಮ ಬಜಾರಿಗೆ ಬರ್ತಾರೆ ಅಂದ್ರೆ ನಮ್ಮ ಅಬ್ಬಾ ತಕ್ಕಡಿ ತೊಳೆದು ಇಡ್ತಿದ್ರು. ಖರಾಬ್ ಮಾಲು ನನ್ನ ಅಂಗಡೀದು ಅಂತ ಗೊತ್ತಾದ್ರೆ ನಾನು ಈ ಊರಾಗೆ ಇರ್ಬೇಕಾ ಬೇಡ್ವಾ?”

ಎರಡನೇ ಅಂಗಡಿಯವರು ತಮ್ಮಲ್ಲಿರುವುದೆಲ್ಲ ಪ್ರಥಮ ದರ್ಜೆ ಮಾಲೆಂದು ಹೇಳಿ ನಮ್ಮನ್ನು ಬೀಳ್ಕೊಟ್ಟರು. ಮೂರನೆಯವರು ಒಪ್ಪಿದರು, ಆದರೆ ಕೊಡೆಯ ಬೆಲೆಯ ಜೊತೆಗೆ ಕೆಡಿಸುವ ಕೂಲಿ ಬೇರೆ ಕೇಳಿದರು. ಒಳ್ಳೆಯ ವಸ್ತುವಿಗಿಂತ ಕೆಟ್ಟದ್ದಕ್ಕೆ ಹೆಚ್ಚು ಬೆಲೆ ಕೊಡಲು ಮಿತವ್ಯಯ ಕಚೇರಿಗೆ ಅವಕಾಶವಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಷಣ್ಮುಖಪ್ಪನವರು ಥಟ್ಟನೆ ನಿಂತು ಹಣೆ ಬಡಿದುಕೊಂಡರು. “ಅಯ್ಯೋ ಮಾರಾಯ, ಇಷ್ಟೊಂದು ಅಲೆದಾಟ ಯಾಕೆ? ಶೇಷಪ್ಪನೋರು ಇಲ್ವೇನ್ರೀ!”

ಶೇಷಪ್ಪನವರು ನಮ್ಮ ಕಚೇರಿಯ ಅಂಗೀಕೃತ ಸರಬರಾಜುದಾರರು. ಅವರ ದರ ಸದಾ ಅತ್ಯಂತ ಕಡಿಮೆ. ಅವರು ಕೊಟ್ಟ ಕುರ್ಚಿಗಳಲ್ಲಿ ನಾವು ಒಂದು ಕಾಲು ಊರಿಕೊಂಡೇ ಕೂರುತ್ತೇವೆ. ಅವರು ಕೊಟ್ಟ ಶಾಯಿ ಬರೆದ ಮರುವಾರ ಮಾಯವಾಗುತ್ತದೆ. ಅವರ ಕಪಾಟು ಮುಚ್ಚಿದರೆ ತೆರೆಯದು, ಆದ್ದರಿಂದ ಅದರೊಳಗಿನ ಕಾಗದಗಳು ಅತ್ಯಂತ ಸುರಕ್ಷಿತವಾಗಿವೆ. ದೋಷದ ವಿಷಯವನ್ನೇ ಎತ್ತದೆ, ‘ಉತ್ತಮ ಗುಣಮಟ್ಟದ ಕೊಡೆ, ಒಂದು’ ಎಂದು ಅವರಿಗೆ ಬರೆದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ. ಅಂದು ಷಣ್ಮುಖಪ್ಪನವರು ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಮನೆಗೆ ಹೋದರು. ಮಗಳಿಗೆ ಎರಡನೇ ತೋಳು ಶುರುಮಾಡಲು ಹೇಳಿದರಂತೆ.

ಕ್ರಿಸ್‌ಮಸ್‌ಗೆ ಹಿಂದಿನ ದಿನ ಮಧ್ಯಾಹ್ನ ಶೇಷಪ್ಪನವರು ಸ್ವತಃ ಕೊಡೆ ತಂದರು. ಷಣ್ಮುಖಪ್ಪನವರು ಬಿಚ್ಚಿದರು. ಬಿಚ್ಚಿಕೊಂಡಿತು. ಮುಚ್ಚಿದರು. ಮುಚ್ಚಿಕೊಂಡಿತು. ವೀರಪ್ಪ ಅದರ ಮೇಲೆ ಒಂದು ಬಿಂದಿಗೆ ನೀರು ಸುರಿದ. ಅಡಿಯಲ್ಲಿ ನಿಂತಿದ್ದ ನನ್ನ ತಲೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ರೇಷ್ಮೆಯಂಥ ಬಟ್ಟೆ, ಬೆತ್ತದ ಹಿಡಿ, ಹಿಡಿಗೆ ಬೆಳ್ಳಿಯ ಬಣ್ಣದ ಉಂಗುರ.

“ಇದೇನು ಶೇಷಪ್ಪನೋರೆ?” ಎಂದು ಷಣ್ಮುಖಪ್ಪನವರು ಕೇಳಿದರು.

“ಸಾಹೇಬ್ರ ತಾಯಿಗೆ ಅಂತ ಗೊತ್ತಾಯ್ತು ಸ್ವಾಮಿ. ನನ್ನ ಕೈಯಿಂದ ದುಡ್ಡು ಹಾಕಿ ಬೆಂಗಳೂರಿಂದ ತರ್ಸಿದೀನಿ. ಒಂದು ಲೋಪ ತೋರ್ಸಿ, ನಾಳೆಯಿಂದ ಸರಬರಾಜು ಬಿಟ್ಟುಬಿಡ್ತೀನಿ.”

“ಇಷ್ಟು ವರ್ಷ ನಂಬಿಸಿ, ಬೇಕಾದ ದಿನ ಕೈ ಕೊಟ್ರಲ್ರೀ!” ಷಣ್ಮುಖಪ್ಪನವರು ಕುರ್ಚಿಯ ಮೇಲೆ ಕುಸಿದರು. ಕುರ್ಚಿ ಪದ್ಧತಿಯಂತೆ ವಾಲಿತು.

ಒಂದು ಕಡ್ಡಿ ಮುರಿದುಬಿಡೋಣವೇ ಎಂದು ವೀರಪ್ಪ ಕೇಳಿದ. ಸರಸ್ವತಿ ಕತ್ತರಿ ಕೊಡಲು ಮುಂದೆ ಬಂದರು. ಷಣ್ಮುಖಪ್ಪನವರು ಇಬ್ಬರನ್ನೂ ತಡೆದರು. “ಕಚೇರಿಗೆ ಬಂದ ವಸ್ತು ತಾನಾಗಿ ಕೆಡಬೇಕು. ನಾವು ಕೆಡಿಸಬಾರದು. ಇಷ್ಟು ವರ್ಷದ ನನ್ನ ಸರ್ವಿಸಿಗೆ ಮಸಿ ಹಚ್ಬೇಡಿ.” ಮಗಳ ಮದುವೆ ಮುರಿದು ಬೀಳುವ ಹೊತ್ತಿನಲ್ಲೂ ನಿಯಮ ಬಿಡದ ಆ ಮನುಷ್ಯನ ಮೇಲೆ ನನಗೆ ಕೋಪವೂ ಬಂತು, ಗೌರವವೂ ಬಂತು. ಸಾಹೇಬರು ಕೊಡೆ ನೋಡಿ, “ಭಾಳ ಚೆನ್ನಾಗಿದೆ,” ಎಂದು ಹೇಳಿ ಸಂಜೆಯ ರೈಲಿಗೆ ಹೋದರು. ನಾವು ನಮ್ಮ ನಮ್ಮ ಮೇಜಿನ ಖಾನೆಗಳನ್ನು ಖಾಲಿ ಮಾಡಲು ತೊಡಗಿದೆವು.

ಭದ್ರಾವತಿಯಲ್ಲಿ ನಡೆದದ್ದನ್ನು ಹಾಜರಾ ಆಮೇಲೆ ತಿಳಿಸಿದರು. ಹಬ್ಬದ ಊಟಕ್ಕೆ ಅವರೂ ಅಲ್ಲಿದ್ದರು. ಮಾರ್ಥಮ್ಮನವರು ಕೊಡೆ ಬಿಚ್ಚಿದರು, ಮುಚ್ಚಿದರು, ಕಡ್ಡಿ ಕಡ್ಡಿಯನ್ನೂ ಎಳೆದು ನೋಡಿದರು. “ಚೆನ್ನಾಗಿದೆ,” ಎಂದರು. ಸಾಹೇಬರ ಮುಖ ಇಳಿಯಿತು. ಕೊಡೆಯನ್ನು ಟ್ರಂಕಿಗೆ ಹಾಕುತ್ತ, ಸುಮ್ಮನೆ ಮಾತಿಗೆಂಬಂತೆ, “ಎಲ್ಲಿ ತಗೊಂಡೆ ದಯಾ?” ಎಂದು ಕೇಳಿದರು. ಸಾಹೇಬರಿಗೆ ಸುಳ್ಳು ಬಾರದು.

“ನಾನ್ ತಗೊಳ್ಳಿಲ್ಲ ಅಮ್ಮ. ನಮ್ಮ ಕಚೇರಿಯ ಉಪಸಮಿತಿ ತಗೊಂಡಿದ್ದು.”

“ಯಾವ ಸಮಿತಿ?”

“ಕೊಡೆ ಸಮಿತಿ. ಒಬ್ಬರನ್ನ ಇಲ್ಲಿಗೇ ಟೂರಿಗೆ ಕಳಿಸಿದ್ವಿ. ಆಮೇಲೆ ಬಜಾರಿಂದ ದರಪಟ್ಟಿ ತರ್ಸಿದ್ವಿ.”

ಮಾರ್ಥಮ್ಮನವರ ಕೈ ಟ್ರಂಕಿನ ಮುಚ್ಚಳದ ಮೇಲೆಯೇ ನಿಂತಿತು. “ಒಂದು ಛತ್ರಿ ತರೋಕೆ ಒಂದು ಕಚೇರಿನಾ? ಆ ಕರಿ ದಾರದ ಗುಂಡಿಯೋನು ಅದಕ್ಕೇ ಬಂದಿದ್ನಾ?” ಎಂದು ಕೇಳುತ್ತ ಕೇಳುತ್ತ ಅವರು ನೆಟ್ಟಗಾದರು. “ಆ ಕಚೇರಿ ನಾನ್ ನೋಡ್ಬೇಕಲ್ಲೋ ದಯಾ.”

ಇಪ್ಪತ್ತಾರನೇ ತಾರೀಖು ಕಚೇರಿ ತೆರೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಕೊಡೆ ಊರಿಕೊಂಡು ನಿಂತಿದ್ದರು. ಒಳಗೆ ಬಂದವರು ಮೊದಲು ಷಣ್ಮುಖಪ್ಪನವರ ಕುರ್ಚಿಯನ್ನು ಅಲ್ಲಾಡಿಸಿದರು. ಆಮೇಲೆ ಶಾಯಿಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿ, “ಇದು ಶಾಯಿನೋ, ಅಕ್ಕಿ ತೊಳೆದ ನೀರೋ?” ಎಂದರು. ಹಗಲು ಹೊತ್ತಿನಲ್ಲಿ ಉರಿಯುತ್ತಿದ್ದ ದೀಪ ಕಂಡರು. ಕುಡಿಯುವ ನೀರಿನ ಹಂಡೆಗೆ ಮುಚ್ಚಳವಿಲ್ಲದ್ದು ಕಂಡರು. ಭಿತ್ತಿಪತ್ರಗಳ ಕೋಣೆ ತೆರೆಸಿ ಒಂದು ಹಾಳೆ ಎತ್ತಿ ಅದರ ದಪ್ಪವನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದರು. ಹುಣಸೆಮರದ ಕೆಳಗಿನ ಜೀಪಿನೊಳಗೆ ಬೆಕ್ಕು ಮರಿ ಹಾಕಿದ್ದನ್ನು ಕಿಟಕಿಯಿಂದಲೇ ಪತ್ತೆ ಮಾಡಿದರು. ಅದು ನಮಗೂ ಗೊತ್ತಿರಲಿಲ್ಲ.

“ಇದೆಲ್ಲ ಯಾವಾಗಿಂದ ಹಿಂಗಿದೆ?”

“ಮೊದಲಿಂದ್ಲೂ ಅಮ್ಮ,” ಎಂದರು ಷಣ್ಮುಖಪ್ಪನವರು ತಲೆ ತಗ್ಗಿಸಿ.

“ಮೊದಲಿಂದ್ಲೂ!” ಮಾರ್ಥಮ್ಮನವರ ಕೆನ್ನೆ ಕೆಂಪಾಗಿತ್ತು. ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿ ಬಾಯ್ತುಂಬ ನಕ್ಕರು. “ಇಷ್ಟೊಂದು ಇಟ್ಕೊಂಡು ನನಗೆ ಶಾಲು ತಂದುಕೊಡ್ತಿದ್ಯಲ್ಲೋ ದಯಾ!”

ತಾಯಿ ಹಾಗೆ ನಕ್ಕದ್ದನ್ನು ಸಾಹೇಬರು ಬಹಳ ವರ್ಷಗಳಿಂದ ಕಂಡಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಸರಸ್ವತಿ ನೇರವಾಗಿಯೇ ಅತ್ತುಬಿಟ್ಟರು, ಅದಕ್ಕೂ ಮಾರ್ಥಮ್ಮನವರು, “ಕೆಲಸದ ಹೊತ್ತಲ್ಲಿ ಅಳ್ತಾರೇನೇ?” ಎಂದು ಗದರಿದರು. ಸಾಹೇಬರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಶಿಫಾರಸು ಬರೆದರು. ಈ ಕಚೇರಿಯ ಅಗತ್ಯವು ಪ್ರಶ್ನಾತೀತವೆಂದೂ, ಇದನ್ನು ಯಾವುದೇ ರೀತಿಯಲ್ಲಿ ಸುಧಾರಿಸದೆ ಈಗಿರುವಂತೆಯೇ ಉಳಿಸಿಕೊಳ್ಳಬೇಕೆಂದೂ ಅದರಲ್ಲಿತ್ತು. ಸುಧಾರಣೆ ಬೇಡವೆಂಬ ಶಿಫಾರಸು ಸರ್ಕಾರಕ್ಕೆ ಬಂದದ್ದು ಅದೇ ಮೊದಲು. ಮಂಜೂರಾತಿ ತಂತಿಯಲ್ಲಿ ಬಂತು.

ಷಣ್ಮುಖಪ್ಪನವರ ಮಗಳ ಮದುವೆ ಮಾಘದಲ್ಲಿ ನಡೆಯಿತು. ಮಾರ್ಥಮ್ಮನವರು ಬಂದು ಸಾರಿಗೆ ಉಪ್ಪು ಹೆಚ್ಚೆಂದು ಮುರುಗೇಶಪ್ಪನವರಿಗೆ ಹೇಳಿ ಸಂತೋಷವಾಗಿ ಊಟ ಮಾಡಿದರು.

ಈಗ ಅವರು ಪ್ರತಿ ತಿಂಗಳ ಮೊದಲ ಮಂಗಳವಾರ ರೈಲಿಗೆ ಬಂದು ಕಚೇರಿ ತಪಾಸಣೆ ಮಾಡುತ್ತಾರೆ. ಅವರ ತಪಾಸಣೆಗೆ ಮುನ್ನ ಯಾವ ದೋಷವನ್ನೂ ಸರಿಪಡಿಸತಕ್ಕದ್ದಲ್ಲ. ಅವರ ಸೂಚನೆಯಂತೆ ಸರಿಪಡಿಸಿದಲ್ಲಿ, ಮುಂದಿನ ತಪಾಸಣೆಯೊಳಗೆ ಅಷ್ಟೇ ದೋಷಗಳನ್ನು ಹೊಸದಾಗಿ ಒದಗಿಸತಕ್ಕದ್ದು ಎಂದು ಕಚೇರಿ ಆದೇಶವಾಗಿದೆ. ಒದಗಿಸುವ ಹೊಣೆ ಶೇಷಪ್ಪನವರದು, ಅವರು ಕೊಡೆಯ ತಪ್ಪಿಗೆ ಪ್ರಾಯಶ್ಚಿತ್ತವಾಗಿ ತಮ್ಮ ಹಳೆಯ ದರ್ಜೆಯನ್ನೇ ಕಾಯ್ದುಕೊಂಡಿದ್ದಾರೆ. ಬೆಂಗಳೂರಿನಿಂದ ಬಂದ ಮೇಲಧಿಕಾರಿಗಳು ಈ ವ್ಯವಸ್ಥೆಯನ್ನು ಕಂಡು ಮೆಚ್ಚಿ, ಪ್ರತಿ ಜಿಲ್ಲಾ ಕಚೇರಿಯೂ ಒಬ್ಬ ತಾಯಿಯನ್ನು ಗೊತ್ತುಪಡಿಸಿಕೊಳ್ಳತಕ್ಕದ್ದು, ಕ್ರಿಸ್‌ಮಸ್ ಇಲ್ಲದ ಕಡೆ ಸ್ಥಳೀಯ ಹಬ್ಬವನ್ನು ಬಳಸಿಕೊಳ್ಳಬಹುದು ಎಂದು ಸುತ್ತೋಲೆ ಹೊರಡಿಸಿದ್ದಾರೆ.

ಪಕ್ಕದ ಜಿಲ್ಲೆಯವರಿಗೆ ತಾಯಿ ಸಿಗದೆ ಮಾರ್ಥಮ್ಮನವರನ್ನೇ ಎರವಲು ಕೇಳಿ ಬರೆದರು. ಸಾಹೇಬರು ಅದನ್ನು ತಾಯಿಗೆ ಓದಿ ಹೇಳಿದರು.

“ಅವ್ರ ಕಚೇರಿ ಹೆಂಗಿದೆಯಂತೆ?” ಎಂದು ಮಾರ್ಥಮ್ಮನವರು ವಾಲುವ ಕುರ್ಚಿಯಲ್ಲಿ ಕುಳಿತೇ ಕೇಳಿದರು.

“ತುಂಬಾ ಅಚ್ಚುಕಟ್ಟಂತೆ ಅಮ್ಮ. ಹುಡುಕಿದ್ರೂ ಒಂದು ತಪ್ಪು ಸಿಗಲ್ವಂತೆ.”

“ಪಾಪ,” ಎಂದರು. “ಅಲ್ಲಿ ನನಗೇನು ಕೆಲಸ? ಅದೂ ಅಲ್ದೆ, ನಾನ್ ಹೋದ್ರೆ ನಿಮ್ಮ ಗತಿ ಏನೋ?”

ಕಚೇರಿಯ ಪರವಾಗಿ ಷಣ್ಮುಖಪ್ಪನವರು ಎದ್ದು ನಿಂತು, “ಗತಿಯಿಲ್ಲ ಅಮ್ಮ,” ಎಂದು ಉತ್ತರಿಸಿದರು. ಉತ್ತರವು ಸತ್ಯಕ್ಕೆ ಅನುಗುಣವಾಗಿದ್ದುದರಿಂದ ಅದನ್ನು ನಡಾವಳಿಯಲ್ಲಿ ದಾಖಲಿಸಲಾಯಿತು; ಕೆಳಗೆ ನಾವೆಲ್ಲರೂ ರುಜು ಹಾಕಿದೆವು.